ಹಳೆ ಕಾರಿನ ಬಾನೆಟ್ ಒಳಗಿನ ವೈರಿಂಗ್, ಕಾಣೆಯಾದ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಾರು ಕೈಗೆ ಬಂದವರು ಮಾತಿನಲ್ಲಿ, ಪತ್ರದಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪಾಯಿಂಟ್ (ಕಿಡಿ ಹುಟ್ಟಿಸಲು ಕಾಯಿಲಿನ ಕರೆಂಟ್ ಕಡಿಯುವ ಪುಟ್ಟ ಸ್ವಿಚ್), ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ, ಕಂಪ್ಯೂಟರ್ ಇಲ್ಲದ ಕಾರುಗಳಿಗೆ ಈ ಉತ್ತರಗಳು ಹೊಂದುತ್ತವೆ. ನೇತಾಡುವ ವೈರಿಗೂ ಕಾಣೆಯಾದ ಭಾಗಕ್ಕೂ ನಂಟಿದೆ. ವೈರು ಹಿಡಿದು ಹೋದರೆ ಭಾಗ ಯಾವುದೆಂದು ತಿಳಿಯುತ್ತದೆ. ಭಾಗ ಕೂತಿದ್ದ ಜಾಗ ನೋಡಿದರೆ ವೈರು ಯಾತಕ್ಕೆಂದು ತಿಳಿಯುತ್ತದೆ. ಅದಕ್ಕೇ ಎರಡನ್ನೂ ಒಂದೇ ಕಡೆ ಬರೆದಿದ್ದೇನೆ.

## ಶುರು ಮಾಡುವ ಮೊದಲು

ಬಾನೆಟ್ ತೆರೆದರೆ ಬರೀ ವೈರುಗಳ ಗೋಜಲು. ಎಲ್ಲಿಂದ ಶುರು ಮಾಡಲಿ?

ಮೊದಲು ಬ್ಯಾಟರಿ ಬಿಚ್ಚಿ. ಕಾರಿನ ಬಾಡಿಗೆ, ಅಂದರೆ ತಗಡಿನ ಮೈಗೆ, ಹೋಗುವ ಅರ್ತ್ ಕೇಬಲ್ ಮೊದಲು ಬಿಚ್ಚಬೇಕು, ಹಾಕುವಾಗ ಅದೇ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಆಮೇಲೆ ಫೋಟೋ. ಏನನ್ನೂ ಮುಟ್ಟುವ ಮೊದಲು ಎಡದಿಂದ, ಬಲದಿಂದ, ಮೇಲಿನಿಂದ, ಪ್ರತಿ ಕನೆಕ್ಷನ್ ಹತ್ತಿರದಿಂದ ತೆಗೆಯಿರಿ. ನಂತರ ಒಂದು ಹಾಳೆಯಲ್ಲಿ ಎಂಜಿನ್ ಜಾಗದ ಚಿತ್ರ ಬರೆದು, ಕಾಣುವ ಪ್ರತಿ ವೈರಿಗೂ ಒಂದು ನಂಬರ್ ಕೊಡಿ. ಅದೇ ನಂಬರಿನ ಚೀಟಿ ವೈರಿಗೂ ಕಟ್ಟಿ. ಬಣ್ಣ, ಎಲ್ಲಿಂದ ಹೊರಟಿದೆ, ಎಲ್ಲಿ ಮುಗಿದಿದೆ ಎಂದು ಪಕ್ಕದಲ್ಲಿ ಬರೆಯಿರಿ. ಒಂದು ಇಡೀ ದಿನ ಹೋದರೂ ಬೇಜಾರಿಲ್ಲ. ಆ ದಿನ ಉಳಿಸಲು ಹೋಗಿ ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ.

ಏನೇನು ಸಾಮಾನು ಬೇಕು?

ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಒಳ್ಳೆಯ ಕ್ರಿಂಪಿಂಗ್ ಇಕ್ಕಳ (ಟರ್ಮಿನಲನ್ನು ವೈರಿನ ತುದಿಗೆ ಒತ್ತಿ ಹಿಡಿಸುವುದು), ಸೋಲ್ಡರ್ ಐರನ್, ಎಮರಿ ಪೇಪರ್, ಒಂದು ಉದ್ದದ ಜಂಪರ್ ವೈರ್. ಜಂಪರ್ ವೈರಿನ ನಡುವೆ ಒಂದು ಫ್ಯೂಸ್ ಇರಲಿ. ಇಷ್ಟು ಸಾಕು.

ಕೆಲವು ವೈರುಗಳು ಸುಮ್ನೆ ನೇತಾಡ್ತಿವೆ. ಕತ್ತರಿಸಿ ಟೇಪ್ ಸುತ್ತಿಬಿಡಲಾ?

ದಯವಿಟ್ಟು ಬೇಡ. ಆ ವೈರು ಎಲ್ಲಿ ನೇತಾಡುತ್ತಿದೆಯೋ ಅಲ್ಲೇ ಒಂದು ಭಾಗ ಇತ್ತು. ವೈರಿನ ಉದ್ದ, ಬಣ್ಣ, ತುದಿಯ ಟರ್ಮಿನಲ್ ಈ ಮೂರೂ ಆ ಭಾಗದ ಗುರುತು. ತುದಿಯಲ್ಲಿ ಉಂಗುರದ ಲಗ್ ಇದ್ದರೆ ಸ್ಕ್ರೂಗೆ ಹೋಗುತ್ತಿತ್ತು. ಚಪ್ಪಟೆ ಸ್ಪೇಡ್ ಇದ್ದರೆ ಸ್ವಿಚ್ಚಿಗೋ ರಿಲೇಗೋ (ಕರೆಂಟಿನಿಂದಲೇ ನಡೆಯುವ ಸ್ವಿಚ್). ದುಂಡನೆಯ ಬುಲೆಟ್ ಇದ್ದರೆ ಇನ್ನೊಂದು ವೈರಿಗೆ ಸೇರುತ್ತಿತ್ತು. ಕತ್ತರಿಸಿದರೆ ಈ ಗುರುತೆಲ್ಲ ಹೋಯಿತು. ಸದ್ಯಕ್ಕೆ ತುದಿಗೆ ಮಾತ್ರ ಟೇಪ್ ಸುತ್ತಿ, ಚೀಟಿ ಕಟ್ಟಿಡಿ.

ಯಾವ ಭಾಗ ಇಲ್ಲ ಅಂತಾನೇ ಗೊತ್ತಿಲ್ಲ. ಇಲ್ಲದ್ದನ್ನ ಹುಡುಕೋದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು, ನನಗೆ ತುಂಬಾ ಇಷ್ಟವಾದದ್ದೂ ಹೌದು.

ಭಾಗ ಹೋದರೂ ಅದರ ಕಲೆ ಉಳಿದಿರುತ್ತದೆ. ಎಂಜಿನ್ ಹಿಂದಿನ ತಗಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಎಣ್ಣೆ, ಧೂಳು ಮೆತ್ತಿದ ತಗಡಿನ ಮೇಲೆ ಒಂದು ಚೌಕ ಮಾತ್ರ ಹೊಳಪಾಗಿ, ಮೊದಲ ಬಣ್ಣದಲ್ಲೇ ಉಳಿದಿರುತ್ತದೆ. ಅದರ ಮೂಲೆಗಳಲ್ಲಿ ಎರಡೋ ಮೂರೋ ಸ್ಕ್ರೂ ತೂತು. ಅಲ್ಲಿ ಚಾರ್ಜಿಂಗ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಡಬ್ಬವೋ ಫ್ಯೂಸ್ ಬಾಕ್ಸೋ ಕೂತಿತ್ತು. ತೂತಿನ ನಡುವಿನ ಅಳತೆ ತೆಗೆದುಕೊಳ್ಳಿ, ಸರಿಯಾದ ಭಾಗ ಹುಡುಕುವಾಗ ಅದೇ ನಿಮಗೆ ಸಾಕ್ಷಿ.

ಖಾಲಿ ತೂತುಗಳನ್ನು ಎಣಿಸಿ. ಅಂಚು ನುಣುಪಾಗಿ, ಒಳಗೂ ಬಣ್ಣ ಇದ್ದರೆ ಕಾರ್ಖಾನೆಯ ತೂತು. ಅಂಚು ಚೂಪಾಗಿ, ಬರೀ ಲೋಹ ಅಥವಾ ತುಕ್ಕು ಕಂಡರೆ ಆಮೇಲೆ ಯಾರೋ ಕೊರೆದದ್ದು. ಕಾರ್ಖಾನೆಯ ತೂತಿಗೆಲ್ಲ ಒಂದು ಕೆಲಸ ಇತ್ತು ಎಂದು ತಿಳಿಯಿರಿ. ಆದರೆ ಒಂದೇ ಬಾಡಿಯನ್ನು ಎಡಗೈ, ಬಲಗೈ ಡ್ರೈವಿಂಗ್ ಎರಡಕ್ಕೂ ಬಳಸುತ್ತಿದ್ದರು. ಹಾಗಾಗಿ ಕೆಲವು ತೂತು ನಿಮ್ಮ ಕಾರಿನಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿಯೇ ಬಂದಿರಬಹುದು.

ಕೊನೆಗೆ ಅದೇ ಮಾಡೆಲ್, ಅದೇ ವರ್ಷದ ಕಾರಿನ ಪಾರ್ಟ್ಸ್ ಪಟ್ಟಿಯ ಚಿತ್ರ ಮುಂದಿಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕಿ. ಬೇರೆಯವರ ಕಾರು ನೋಡಿ ಹೋಲಿಸುವುದಾದರೆ ಒಂದೇ ಕಾರು ಸಾಲದು. ಅದರಲ್ಲೂ ಏನಾದರೂ ಬದಲಾಗಿರುತ್ತದೆ.

ಬ್ಯಾಟರಿಯ ಪ್ಲಸ್ ಅನ್ನೇ ಬಾಡಿಗೆ ಕಟ್ಟಿದ್ದಾರೆ. ಇದು ತಪ್ಪಲ್ವಾ?

ತಪ್ಪಿರಲಿಕ್ಕಿಲ್ಲ. 1960ರ ದಶಕದ ಮಧ್ಯದವರೆಗೆ ಹೆಚ್ಚಿನ ಬ್ರಿಟಿಷ್ ಕಾರುಗಳು ಪ್ಲಸ್ ಅರ್ತಿಂಗ್. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ಕೂಡ 1967ರ ಕೊನೆಗೆ ಅದರ ಎರಡನೇ ಮಾರ್ಕ್ (ಆವೃತ್ತಿ) ಬಂದಾಗಲೇ ಮೈನಸ್ ಅರ್ತಿಂಗ್‌ಗೆ ಬದಲಾಗಿದ್ದು. ಬಲ್ಬಿಗೆ, ಸ್ಟಾರ್ಟರ್ ಮೋಟರಿಗೆ ಯಾವ ಕಡೆಯಾದರೂ ಒಂದೇ. ಆಲ್ಟರ್ನೇಟರಿನ (ಡೈನಮೋ ನಂತರ ಬಂದ ಚಾರ್ಜಿಂಗ್ ಯಂತ್ರ) ಡಯೋಡ್, ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಮಾತ್ರ ತಿರುಗುಮುರುಗು ಆದ ಕ್ಷಣವೇ ಸುಟ್ಟುಹೋಗುತ್ತವೆ. ಕೈಪಿಡಿ ನೋಡಿ, ಕಾರಿನಲ್ಲಿ ಈಗ ಏನೇನು ಇದೆ ನೋಡಿ, ಆಮೇಲೆ ತೀರ್ಮಾನಿಸಿ. ಬ್ಯಾಟರಿ ಕೇಬಲ್ ಯಾವ ಕಡೆ ಎಟಕುತ್ತದೆ ಎಂಬುದನ್ನು ಮಾತ್ರ ನಂಬಬೇಡಿ.

6 ವೋಲ್ಟೋ 12 ವೋಲ್ಟೋ ತಿಳಿಯೋದು ಹೇಗೆ?

ಬಲ್ಬಿನ ತಳ, ಕಾಯಿಲ್ (ಕಿಡಿಗೆ ಬೇಕಾದ ಜಾಸ್ತಿ ವೋಲ್ಟ್ ಮಾಡುವ ಭಾಗ), ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೆ ಯಂತ್ರ) ಮೇಲಿನ ತಗಡು ಇವುಗಳಲ್ಲಿ ಬರೆದಿರುತ್ತದೆ. ಅಮೆರಿಕದ ಹೆಚ್ಚಿನ ಕಾರುಗಳು 1950ರ ದಶಕದ ನಡುವೆ 12 ವೋಲ್ಟಿಗೆ ಬಂದವು. ಸ್ಟಾರ್ಟರ್ ಕೇಬಲ್ ಹೆಬ್ಬೆರಳಿನಷ್ಟು ದಪ್ಪ ಇದ್ದರೆ 6 ವೋಲ್ಟ್ ಇರಬಹುದೆಂದು ಅನುಮಾನಿಸಿ. ಅಷ್ಟೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು, ಅದಕ್ಕೇ ಆ ದಪ್ಪ.

## ವೈರುಗಳ ಗುರುತು

ವೈರಿನ ಬಣ್ಣಕ್ಕೆ ಏನಾದರೂ ಅರ್ಥ ಇದೆಯಾ, ಇಲ್ಲಾ ಸಿಕ್ಕಿದ್ದು ಹಾಕಿದ್ದಾರಾ?

ಖಂಡಿತ ಅರ್ಥ ಇದೆ. ಲ್ಯೂಕಸ್ ಕಂಪನಿಯ ಕರೆಂಟ್ ಸಾಮಾನು ಇರುವ ಬ್ರಿಟಿಷ್ ಕಾರುಗಳಲ್ಲಿ ಮೈಬಣ್ಣ ವೈರು ಎಲ್ಲಿಂದ ಬಂತು ಎಂದು ಹೇಳುತ್ತದೆ. ಕಂದು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ, ಯಾವಾಗಲೂ ಕರೆಂಟ್ ಇರುತ್ತದೆ. ಬಿಳಿ ಅಂದರೆ ಕೀ ತಿರುಗಿಸಿದಾಗ. ಹಸಿರು ಅಂದರೆ ಕೀ ತಿರುಗಿಸಿದಾಗ, ಫ್ಯೂಸ್ ದಾಟಿ ಬಂದದ್ದು. ನೇರಳೆ ಅಂದರೆ ಯಾವಾಗಲೂ ಕರೆಂಟ್, ಆದರೆ ಫ್ಯೂಸ್ ಇದೆ. ನೀಲಿ ಹೆಡ್‌ಲೈಟು, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪ, ಕಪ್ಪು ಅರ್ತ್.

ಮೈಬಣ್ಣದ ಮೇಲೆ ಎಳೆದ ಸಣ್ಣ ಗೆರೆ ವೈರು ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತದೆ. ಬಿಳಿ ಮೇಲೆ ಕಪ್ಪು ಗೆರೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ (ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಭಾಗ). ಬಿಳಿ ಮೇಲೆ ಕೆಂಪು ಸ್ಟಾರ್ಟರ್ ಸೊಲೆನಾಯ್ಡಿಗೆ (ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್). ಬಿಳಿ ಮೇಲೆ ಕಂದು ಆಯಿಲ್ ಪ್ರೆಷರ್ ದೀಪದ ಸ್ವಿಚ್ಚಿಗೆ. ಹಸಿರು ಮೇಲೆ ನೀಲಿ ಟೆಂಪರೇಚರ್ ಸೆಂಡರಿಗೆ (ಎಂಜಿನ್ ಬಿಸಿಯನ್ನು ಮೀಟರಿಗೆ ತಿಳಿಸುವ ಭಾಗ). ಹಸಿರು ಮೇಲೆ ನೇರಳೆ ಬ್ರೇಕ್ ದೀಪಕ್ಕೆ.

ಈಗ ನಿಮ್ಮ ನೇತಾಡುವ ವೈರಿನ ಹತ್ತಿರ ಬನ್ನಿ. ಸಿಲಿಂಡರ್ ಹೆಡ್ ಮುಂದೆ ಹಸಿರು-ನೀಲಿ ವೈರು ಒಂದು ತೂಗುತ್ತಿದ್ದರೆ ಟೆಂಪರೇಚರ್ ಸೆಂಡರ್ ಇಲ್ಲ, ಅದರ ಜಾಗಕ್ಕೆ ಯಾರೋ ಬಿರಡೆ ಬಿಗಿದಿದ್ದಾರೆ. ಎಂಜಿನ್ ಪಕ್ಕದಲ್ಲಿ ಕಂದು-ಹಳದಿ, ಕಂದು-ಹಸಿರು ಎರಡೂ ಜೊತೆಗೆ ಇದ್ದರೆ ಅಲ್ಲಿ ಡೈನಮೋ ಇತ್ತು.

ನನ್ನದು ಜರ್ಮನ್ ಕಾರು. ಬಣ್ಣಕ್ಕಿಂತ ನಂಬರ್‌ಗಳೇ ಜಾಸ್ತಿ ಇವೆಯಲ್ಲ?

ಅದು ಇನ್ನೂ ಸುಲಭ. ಟರ್ಮಿನಲ್ ಪಕ್ಕದಲ್ಲೇ ಅಚ್ಚೊತ್ತಿದ ನಂಬರ್ ಇರುತ್ತದೆ, ಅದು ಡಿಐಎನ್ 72552 ಎಂಬ ಜರ್ಮನ್ ಕ್ರಮ. 30 ಅಂದರೆ ಬ್ಯಾಟರಿಯಿಂದ ನೇರ. 15 ಕೀ ತಿರುಗಿಸಿದಾಗ. 31 ಅರ್ತ್. 50 ಸ್ಟಾರ್ಟರ್. 1 ಕಾಯಿಲಿನ ಪಾಯಿಂಟ್ ಕಡೆ. 56ಎ ಹೈಬೀಮ್, 56ಬಿ ಲೋಬೀಮ್. ರಿಲೇ ಮೇಲಿನ 85, 86, 87 ಕೂಡ ಇದೇ ಕ್ರಮದವು. ಈ ಎಂಟು ಹತ್ತು ನಂಬರ್ ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಿಂದಿನ ಮಾಲೀಕರು ಎಲ್ಲಾ ಕಡೆ ಕೆಂಪು ವೈರನ್ನೇ ಎಳೆದಿದ್ದಾರೆ. ಈಗೇನು ಮಾಡೋದು?

ಬ್ಯಾಟರಿ ಬಿಚ್ಚಿ. ವೈರಿನ ಎರಡೂ ತುದಿ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕಿಟ್ಟು ಒಂದೊಂದೇ ವೈರಿನ ಆಚೆ ತುದಿ ಹುಡುಕಿ. ತುದಿ ಬಿಡಿಸದೆ ಹುಡುಕಿದರೆ ಬಲ್ಬಿನ ಮೂಲಕವೂ ಬೀಪ್ ಬಂದು ದಾರಿ ತಪ್ಪಿಸುತ್ತದೆ. ಸಿಕ್ಕ ತಕ್ಷಣ ಎರಡೂ ತುದಿಗೆ ಸರಿಯಾದ ಬಣ್ಣದ ಸಣ್ಣ ಕೊಳವೆ (ಸ್ಲೀವ್) ಹಾಕಿ. ಆಮೇಲೆ ಒಂದೊಂದಾಗಿ ಸರಿಯಾದ ಬಣ್ಣದ ವೈರಿಗೆ ಬದಲಿಸಿ. ಒಂದೇ ಸಲ ಎಲ್ಲಾ ಕಿತ್ತು ಹಾಕಬೇಡಿ.

## ರಿಪೇರಿ

ಹಳೆ ಹಾರ್ನೆಸ್ (ವೈರುಗಳ ಕಟ್ಟು) ಉಳಿಸಿಕೊಳ್ಳಬಹುದಾ, ಹೊಸದೇ ಹಾಕಬೇಕಾ?

ಒಂದು ವೈರನ್ನು ಬೆರಳಿಗೆ ಸುತ್ತಿ ಬಾಗಿಸಿ. ಹೊದಿಕೆ ಮೆತ್ತಗೆ ಬಾಗಿದರೆ ಬದುಕಿದೆ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಆ ಕವಲು ಪೂರ್ತಿ ಹೋಗಬೇಕು. ಹತ್ತಿ ನೂಲಿನ ಹೊದಿಕೆಯ ಹಳೆ ರಬ್ಬರ್ ವೈರುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹುಡಿಯಾಗಿರುತ್ತವೆ. ಅವನ್ನು ಉಳಿಸುವ ಆಸೆ ಬೇಡ.

ಪಿವಿಸಿ ವೈರುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ತುದಿ ಮಾತ್ರ. ಎಂಜಿನ್ ಬಿಸಿ, ಎಣ್ಣೆ, ಬ್ಯಾಟರಿ ಆಸಿಡ್ ಮೂರೂ ಅಲ್ಲೇ ತಾಗುವುದು. ತುದಿಯ ಹೊದಿಕೆ ಒಂದಿಷ್ಟು ಸುಲಿದು ತಾಮ್ರ ನೋಡಿ. ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಸೋಲ್ಡರೂ ಹಿಡಿಯುವುದಿಲ್ಲ, ಕ್ರಿಂಪೂ ನಿಲ್ಲುವುದಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ಅದೇ ಬಣ್ಣದ ತುಂಡು ಸೇರಿಸಿ.

ಸೋಲ್ಡರ್ ಒಳ್ಳೆಯದಾ, ಕ್ರಿಂಪ್ ಒಳ್ಳೆಯದಾ?

ಎರಡೂ ಒಳ್ಳೆಯದೇ, ಸರಿಯಾಗಿ ಮಾಡಿದರೆ. ಬುಲೆಟ್ ತುದಿಗಳಿಗೆ ನಾನು ಸೋಲ್ಡರ್ ಹಾಕುತ್ತೇನೆ. ಸ್ಪೇಡ್‌ಗಳಿಗೆ ಕ್ರಿಂಪ್. ಸೋಲ್ಡರ್ ವೈರಿನೊಳಗೆ ಹರಿದ ಜಾಗ ಗಟ್ಟಿಯಾಗುತ್ತದೆ, ಎಂಜಿನ್ ನಡುಗಿದಾಗ ಅದರ ಅಂಚಿನಲ್ಲೇ ವೈರು ಮುರಿಯುತ್ತದೆ. ಅದಕ್ಕೆ ಸೋಲ್ಡರ್ ಮಾಡಿದ ವೈರನ್ನು ಹತ್ತಿರದಲ್ಲೇ ಒಂದು ಕ್ಲಿಪ್ಪಿನಲ್ಲಿ ಹಿಡಿಸಿ. ಹೊದಿಕೆಯನ್ನು ಚುಚ್ಚಿ ಇನ್ನೊಂದು ವೈರಿಗೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಂಡರೆ ಎಲ್ಲವನ್ನೂ ತೆಗೆದುಬಿಡಿ. ಅವು ಕೆಲವು ಎಳೆಗಳನ್ನು ಕತ್ತರಿಸಿ, ಉಳಿದವಕ್ಕೆ ನೀರು ಇಳಿಯಲು ದಾರಿ ಮಾಡುತ್ತವೆ.

ಎಷ್ಟು ದಪ್ಪದ ವೈರು ಹಾಕಬೇಕು?

ಮಾಮೂಲಿ ಪಿವಿಸಿ ವೈರಿನಲ್ಲಿ 1 ಚದರ ಮಿ.ಮೀ. ಸುಮಾರು 8.75 ಆಂಪ್, 2 ಚದರ ಮಿ.ಮೀ. 17.5 ಆಂಪ್, 3 ಚದರ ಮಿ.ಮೀ. 27.5 ಆಂಪ್ ತಡೆಯುತ್ತದೆ. ಸಣ್ಣ ದೀಪ, ಸೆಂಡರ್‌ಗಳಿಗೆ ಮೊದಲನೆಯದು ಸಾಕು. ಹೆಡ್‌ಲೈಟಿಗೆ ಎರಡನೆಯದು. ಅನುಮಾನ ಬಂದರೆ ಒಂದು ಅಳತೆ ಜಾಸ್ತಿ ಹಾಕಿ.

ಹಳೆ ಗಾಜಿನ ಫ್ಯೂಸ್ ಮೇಲೆ 35 ಆಂಪ್ ಅಂತಿದೆ. ಅಷ್ಟೇ ಹೊಸದು ಹಾಕಿದೆ, ಸರಿ ತಾನೇ?

ಇಲ್ಲ, ಇದನ್ನು ಇವತ್ತೇ ನೋಡಿ. ಲ್ಯೂಕಸ್ ಗಾಜಿನ ಫ್ಯೂಸ್ ಮೇಲಿನ 35 ಅಂದರೆ ಆ ಕರೆಂಟಿಗೆ ಸುಟ್ಟುಹೋಗುತ್ತದೆ ಎಂದು. ಸದಾ ಹರಿಯಬಹುದಾದದ್ದು 17 ಆಂಪ್ ಮಾತ್ರ. ಬೇರೆ ಕ್ರಮದ ಫ್ಯೂಸುಗಳಲ್ಲಿ 35 ಅಂದರೆ ಸದಾ 35 ಹರಿಯಬಹುದು ಎಂದು. ಅದನ್ನು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ಯುರೋಪಿನ ಪಿಂಗಾಣಿ ಫ್ಯೂಸುಗಳಲ್ಲಿ ಈ ಗೊಂದಲ ಇಲ್ಲ: ಹಳದಿ 5, ಬಿಳಿ 8, ಕೆಂಪು 16, ನೀಲಿ 25.

ಎಷ್ಟೋ ಹಳೆ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಕಂದು ವೈರುಗಳಿಗಂತೂ ಇಲ್ಲ. ತಗಡಿನ ಅಂಚಿಗೆ ಉಜ್ಜುವ ಕಂದು ವೈರು ಕಂಡರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಸರಿಮಾಡಿ.

ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತೆ. ಯಾಕೆ?

ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಇಲ್ಲ. ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿ ಅದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ ಇಳಿಸಿ ಏರಿಸಿದವರು ಆ ಪಟ್ಟಿ ಹಾಕಲು ಮರೆಯುತ್ತಾರೆ. ಆಗ ಸ್ಟಾರ್ಟರಿನ ನೂರು ಆಂಪಿಗೂ ಜಾಸ್ತಿ ಕರೆಂಟ್ ವಾಪಸ್ ಹೋಗಲು ಸಿಕ್ಕ ಲೋಹ ಹಿಡಿಯುತ್ತದೆ. ಅದೇ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್.

ನನ್ನ ಮೊದಲ ಹಳೆ ಕಾರಿನಲ್ಲಿ ಇದೇ ಆಗಿತ್ತು. ಮೂರು ಸಲ ಸೆಲ್ಫ್ ಹೊಡೆದೆ, ಎಂಜಿನ್ ತಿಣುಕುತ್ತಾ ತಿರುಗಿತು. ಡ್ಯಾಶ್‌ಬೋರ್ಡ್ ಕೆಳಗಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಚೋಕ್ ಗುಬುಟು ಎಳೆಯಲು ಹೋದರೆ ಕದಲಲಿಲ್ಲ. ಕೇಬಲ್ಲಿನ ಹೊದಿಕೆ ಕರಗಿ ಒಳಗಿನ ತಂತಿಗೆ ಅಂಟಿಕೊಂಡಿತ್ತು. ಬ್ಯಾಟರಿ ಕೆಟ್ಟಿದೆ ಎಂದುಕೊಂಡು ಅದಕ್ಕೂ ಮೊದಲೇ ಹೊಸ ಬ್ಯಾಟರಿ ಹಾಕಿದ್ದೆ. ಬೇಕಿದ್ದದ್ದು ಒಂದು ಗೇಣು ಪಟ್ಟಿ, ಎರಡು ಬೋಲ್ಟು.

ಪರೀಕ್ಷೆ ಸುಲಭ. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲಿಗೆ ಬರುವ ವೈರು ಬಿಚ್ಚಿ, ತುದಿಗೆ ಟೇಪ್ ಸುತ್ತಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಸರಿ ಇಲ್ಲ. ಪಟ್ಟಿ ಹಾಕುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ, ಬಿಗಿದ ಮೇಲೆ ಗ್ರೀಸ್ ಸವರಿ.

## ಸಣ್ಣ ಭಾಗಗಳು

ಕೆಲವು ಕ್ಲಿಪ್, ರಬ್ಬರ್, ತಗಡು ಇಲ್ಲ. ಕಾರು ಓಡ್ತಾ ಇದೆ. ಬೇಕೇಬೇಕಾ?

ಬೇಕು. ಹೆಚ್ಚಿನವು ಬೆಂಕಿ ತಡೆಯಲು ಇರುವಂಥವು. ವೈರು ತಗಡು ದಾಟುವ ತೂತಿಗೆ ರಬ್ಬರ್ ಗ್ರೋಮೆಟ್ ಇಲ್ಲದಿದ್ದರೆ ಅಂಚು ಹೊದಿಕೆಯನ್ನು ನಿಧಾನವಾಗಿ ಕೊಯ್ಯುತ್ತದೆ. ಬ್ಯಾಟರಿ ಹಿಡಿಸುವ ಕ್ಲ್ಯಾಂಪ್ ಇಲ್ಲದಿದ್ದರೆ ಗುಂಡಿಗೆ ಇಳಿದಾಗ ಬ್ಯಾಟರಿ ಹಾರಿ ಕಂಬ ಬಾನೆಟ್ಟಿಗೆ ತಾಗಬಹುದು. ಎಗ್ಸಾಸ್ಟ್ ಮೇಲಿನ ಶಾಖ ತಡೆಯುವ ತಗಡು ಇಲ್ಲದಿದ್ದರೆ ಕಾರ್ಬೊರೇಟರಿನಲ್ಲೇ ಪೆಟ್ರೋಲ್ ಕುದಿಯುತ್ತದೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆಕ್ಸಿಲರೇಟರ್ ವಾಪಸ್ ಎಳೆಯುವ ಸ್ಪ್ರಿಂಗ್ ಇಲ್ಲದೆ ಕಾರನ್ನು ಹೊರಗೆ ತೆಗೆಯಲೇಬಾರದು.

ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಇಲ್ಲವೆಂದರೆ ಅದು ಬರುತ್ತಿದ್ದ ಕಾರ್ಬೊರೇಟರ್ ತೂತೂ ತೆರೆದೇ ಇರಬಹುದು. ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಓಡುವ ರೀತಿ ಕೆಟ್ಟಿದ್ದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಈ ಒಂದು ತೂತು ನೋಡಿ.

ನಟ್ಟು ಬೋಲ್ಟು ಯಾವುದಾದರೂ ಆಗುತ್ತಾ?

ಆಗುವುದಿಲ್ಲ. ಬೋಲ್ಟಿನ ಮೇಲಿನ ಸುರುಳಿ ಗೆರೆಗೆ ಮರೆ (ಥ್ರೆಡ್) ಅನ್ನುತ್ತಾರೆ, ಅದರಲ್ಲಿ ಹಲವು ಅಳತೆ ಕ್ರಮಗಳಿವೆ. 1950ರ ದಶಕದಿಂದ ಈಚಿನ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಯುಎನ್‌ಎಫ್ ಮರೆ. ಅದಕ್ಕೂ ಹಳೆಯದರಲ್ಲಿ ಬಿಎಸ್‌ಎಫ್, ವಿಟ್‌ವರ್ತ್. ಕರೆಂಟಿನ ಸಣ್ಣ ಸ್ಕ್ರೂಗಳು ಹಲವು ಕಡೆ ಬಿಎ. 8 ಮಿ.ಮೀ. ಬೋಲ್ಟು, 5/16 ಇಂಚಿನ ಬೋಲ್ಟು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಸ್ಪ್ಯಾನರ್ ಹಾಕಬೇಡಿ. ಒಂದು ಮರೆ ಅಳೆಯುವ ಗೇಜ್ ಇಟ್ಟುಕೊಳ್ಳಿ.

## ಕರೆಂಟ್ ಕೊಡುವಾಗ ಮತ್ತು ಆಮೇಲೆ

ಎಲ್ಲಾ ಜೋಡಿಸಿದೆ. ಬ್ಯಾಟರಿ ಹಾಕಲು ಭಯ. ಸುರಕ್ಷಿತ ದಾರಿ ಇದೆಯಾ?

ಇದೆ. ಬ್ಯಾಟರಿಯ ಅರ್ತ್ ಅಲ್ಲದ ಕಂಬಕ್ಕೂ ಅದರ ಕೇಬಲ್ಲಿಗೂ ನಡುವೆ 21 ವಾಟಿನ ಒಂದು ಬ್ರೇಕ್ ದೀಪದ ಬಲ್ಬ್ ಸೇರಿಸಿ. 12 ವೋಲ್ಟಿನಲ್ಲಿ ಆ ಬಲ್ಬ್ 2 ಆಂಪಿಗಿಂತ ಜಾಸ್ತಿ ಬಿಡುವುದಿಲ್ಲ, ಅಷ್ಟರಲ್ಲಿ ವೈರು ಸುಡುವುದಿಲ್ಲ. ಎಲ್ಲಾ ಸ್ವಿಚ್ ಆಫ್ ಇರುವಾಗ ಬಲ್ಬ್ ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ. ಕತ್ತಲಾಗಿದ್ದರೆ ಮುಂದೆ ಹೋಗಿ. ಕೀ ತಿರುಗಿಸಿದಾಗ ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಮಂದವಾಗಿ ಉರಿಯಬೇಕು, ಅದು ಕಾಯಿಲಿನ ಕರೆಂಟ್. ಒಂದೊಂದೇ ಸ್ವಿಚ್ ಹಾಕುತ್ತಾ ನೋಡಿ. ಬಲ್ಬ್ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ತಿರುಗುವುದಿಲ್ಲ.

ಸೆಲ್ಫ್ ಹೊಡೆಯುವಾಗ ಸ್ಟಾರ್ಟ್ ಆಗುತ್ತೆ, ಕೀ ಬಿಟ್ಟ ತಕ್ಷಣ ನಿಂತುಬಿಡುತ್ತೆ. ಏನಿದು?

ಬ್ಯಾಲಾಸ್ಟ್ ರೆಸಿಸ್ಟರ್ ಹೋಗಿದೆ ಅಥವಾ ಇಲ್ಲವೇ ಇಲ್ಲ. ಕೆಲವು ಕಾರುಗಳ ಕಾಯಿಲ್ ಪೂರ್ತಿ 12 ವೋಲ್ಟಿಗೆ ಮಾಡಿದ್ದಲ್ಲ. ಓಡುವಾಗ ರೆಸಿಸ್ಟರ್ ದಾಟಿ ಕಡಿಮೆ ವೋಲ್ಟ್ ಬರುತ್ತದೆ. ಸೆಲ್ಫ್ ಹೊಡೆಯುವಾಗ ಮಾತ್ರ ಬೇರೆ ವೈರಿನಲ್ಲಿ ಪೂರ್ತಿ ವೋಲ್ಟ್. ರೆಸಿಸ್ಟರ್ ದಾರಿ ಕಡಿದಿದ್ದರೆ ಕೀ ಬಿಟ್ಟಾಗ ಎಂಜಿನ್ ನಿಲ್ಲುತ್ತದೆ.

ಹಲವರು ಇದಕ್ಕೆ ನೇರ 12 ವೋಲ್ಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಕಾಯಿಲ್ ಕಾದು, ಪಾಯಿಂಟ್ ಸುಡುತ್ತದೆ. ಕಾಯಿಲಿನ ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ ಅಳೆಯಿರಿ. ಸುಮಾರು 3 ಇದ್ದರೆ ನೇರ 12 ವೋಲ್ಟಿನದು. ಸುಮಾರು 1.5 ಇದ್ದರೆ ರೆಸಿಸ್ಟರ್ ಬೇಕು. ಕೆಲವು ಕಾರುಗಳಲ್ಲಿ ಡಬ್ಬಿಯಂಥ ರೆಸಿಸ್ಟರ್ ಇರದೆ ಹಾರ್ನೆಸ್ಸಿನೊಳಗಿನ ವೈರೇ ಆ ಕೆಲಸ ಮಾಡುತ್ತದೆ. ಅದನ್ನು ಮಾಮೂಲಿ ವೈರಿಗೆ ಬದಲಿಸಿದರೆ ಮತ್ತೆ ಅದೇ ಕಥೆ.

ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಜಾಸ್ತಿ ತೋರಿಸ್ತಿವೆ

ಎರಡೂ ಮೀಟರ್ ಒಟ್ಟಿಗೆ ಕೆಡುವುದು ಅಪರೂಪ. ಡ್ಯಾಶ್‌ಬೋರ್ಡ್ ಹಿಂದೆ ಎರಡಕ್ಕೂ ಸೇರಿ ಒಂದು ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಸ್ಮಿತ್ಸ್ ಕಂಪನಿಯ ಮೀಟರುಗಳಿಗೆ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಅದರ ಡಬ್ಬಕ್ಕೆ ಅರ್ತ್ ಇಲ್ಲದಿದ್ದರೆ ಪೂರ್ತಿ ವೋಲ್ಟ್ ಹರಿದು ಎರಡೂ ಮುಳ್ಳು ಮೇಲೇರುತ್ತವೆ. ಸ್ಕ್ರೂ ಬಿಚ್ಚಿ, ತಗಡು ಉಜ್ಜಿ, ಮತ್ತೆ ಬಿಗಿಯಿರಿ.

ಡೈನಮೋ ಹೊಸದಾಗಿ ಜೋಡಿಸಿದೆ, ಚಾರ್ಜ್ ಆಗ್ತಿಲ್ಲ

ಡೈನಮೋ ಒಳಗಿನ ಕಬ್ಬಿಣದಲ್ಲಿ ಉಳಿದ ಸ್ವಲ್ಪ ಅಯಸ್ಕಾಂತ ಶಕ್ತಿಯಿಂದಲೇ ಅದು ಶುರುವಾಗುವುದು. ಬಹಳ ದಿನ ಬಿಟ್ಟಿದ್ದರೆ ಆ ಶಕ್ತಿ ಹೋಗಿರುತ್ತದೆ, ಅಥವಾ ಅರ್ತಿಂಗ್ ಬದಲಿಸಿದ್ದರೆ ತಿರುಗುಮುರುಗಾಗಿರುತ್ತದೆ. ಲ್ಯೂಕಸ್ ಡೈನಮೋ ಆದರೆ ಎರಡೂ ವೈರು ಬಿಚ್ಚಿ, ಬ್ಯಾಟರಿಯ ಅರ್ತ್ ಅಲ್ಲದ ಕಂಬದಿಂದ ಒಂದು ವೈರು ತಂದು ಸಣ್ಣ ಟರ್ಮಿನಲ್ಲಾದ ಎಫ್‌ಗೆ ಎರಡು ಮೂರು ಸಲ ತಟ್ಟಿ. ಸಣ್ಣ ಕಿಡಿ ಬರುತ್ತದೆ, ಅಷ್ಟು ಸಾಕು. ಬೇರೆ ಕಂಪನಿಯ ಡೈನಮೋಗಳಿಗೆ ವಿಧಾನ ಬೇರೆ, ಅದರ ಕೈಪಿಡಿ ನೋಡಿಯೇ ಮಾಡಿ.

ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಕಳ್ಳನನ್ನ ಹಿಡಿಯೋದು ಹೇಗೆ?

ಎಲ್ಲಾ ಆಫ್ ಮಾಡಿ, ಅರ್ತ್ ಕೇಬಲ್ ಬಿಚ್ಚಿ, ಆ ಜಾಗದಲ್ಲಿ ಮಲ್ಟಿಮೀಟರನ್ನು 10 ಆಂಪ್ ಸ್ಥಾನದಲ್ಲಿ ಸೇರಿಸಿ. ಗಡಿಯಾರ, ರೇಡಿಯೋ ಇಲ್ಲದ ಹಳೆ ಕಾರಿನಲ್ಲಿ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಒಂದೊಂದೇ ಫ್ಯೂಸ್ ತೆಗೆಯಿರಿ. ಎಲ್ಲಾ ಫ್ಯೂಸ್ ತೆಗೆದರೂ ಕರೆಂಟ್ ಹರಿಯುತ್ತಿದ್ದರೆ ಕಂದು ವೈರುಗಳ ಕಡೆ ಹೋಗಿ. ಆಲ್ಟರ್ನೇಟರ್ ಕಾರಿನಲ್ಲಿ ಡಯೋಡ್ ಕೆಟ್ಟಿರಬಹುದು, ಡೈನಮೋ ಕಾರಿನಲ್ಲಿ ರೆಗ್ಯುಲೇಟರ್ ಡಬ್ಬದ ಕಟೌಟ್ (ಡೈನಮೋ ನಿಂತಾಗ ಬ್ಯಾಟರಿಯಿಂದ ಬಿಡಿಸುವ ಸ್ವಿಚ್) ಅಂಟಿಕೊಂಡಿರಬಹುದು. ಕಟೌಟ್ ಅಂಟಿದ್ದರೆ ವೈರು ಬೇಗ ಬಿಸಿಯಾಗುತ್ತದೆ, ಮೀಟರ್ ಹಾಕುವ ಮೊದಲೇ ಡಬ್ಬ ಮುಟ್ಟಿ ನೋಡಿ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಬಹುದಾ?

ಹಾಕಬಹುದು. ಲ್ಯೂಕಸ್ ಸಿ40 ಡೈನಮೋ 22 ಆಂಪ್ ಕೊಟ್ಟರೆ 17ಎಸಿಆರ್ ಆಲ್ಟರ್ನೇಟರ್ 36 ಆಂಪ್ ಕೊಡುತ್ತದೆ, ನಿಧಾನವಾಗಿ ಓಡುವಾಗಲೂ ಚಾರ್ಜ್ ಆಗುತ್ತದೆ. ಆದರೆ ಕಾರು ಮೈನಸ್ ಅರ್ತಿಂಗ್ ಆಗಿರಲೇಬೇಕು. ಚಾರ್ಜಿಂಗ್ ವೈರು ದಪ್ಪದ್ದಾಗಬೇಕು. ಡ್ಯಾಶ್‌ಬೋರ್ಡಿನಲ್ಲಿ 30 ಆಂಪಿನ ಅಮ್ಮೀಟರ್ ಇದ್ದರೆ ಅಷ್ಟೂ ಕರೆಂಟನ್ನು ಅದರ ಮೂಲಕ ಹರಿಸಬೇಡಿ. ಚಾರ್ಜಿಂಗ್ ದೀಪಕ್ಕೆ 2.2 ವಾಟಿನ ಬಲ್ಬ್ ಬೇಕು. ಅದು ಸುಟ್ಟಿದ್ದರೆ ಆಲ್ಟರ್ನೇಟರ್ ಎಚ್ಚರಗೊಳ್ಳದೇ ಇರಬಹುದು. ಎಂಜಿನ್ ಓಡುವಾಗ ಬ್ಯಾಟರಿ ಕಂಬದಲ್ಲಿ 13.8ರಿಂದ 14.4 ವೋಲ್ಟ್ ಬಂದರೆ ಸರಿಯಾಗಿದೆ.

ಹಳೆ ರೆಗ್ಯುಲೇಟರ್ ಡಬ್ಬವನ್ನು ಎಸೆಯಬೇಡಿ. ಒಳಗಿನದನ್ನು ತೆಗೆದು, ವೈರುಗಳನ್ನು ಅಲ್ಲೇ ಸೇರಿಸಿ, ಮುಚ್ಚಳ ಹಾಕಿದರೆ ಎಂಜಿನ್ ಜಾಗ ಮೊದಲಿನ ಹಾಗೇ ಕಾಣುತ್ತದೆ. ಮುಚ್ಚಳದ ಒಳಬದಿಯಲ್ಲಿ ‘ಇಲ್ಲಿ ರೆಗ್ಯುಲೇಟರ್ ಇಲ್ಲ, ಆಲ್ಟರ್ನೇಟರ್ ಇದೆ, ಮೈನಸ್ ಅರ್ತಿಂಗ್’ ಎಂದು ಅಳಿಸದ ಇಂಕಿನಲ್ಲಿ ಬರೆದು, ತಾರೀಕು ಹಾಕಿ.